ಹಳ್ಳದ ಕಡೆಗೆ ಎಳೆಯುವ ಜೀಪು

ನಮ್ಮ ಅಣ್ಣ ತೀರಿಕೊಂಡ ಮೇಲೆ ಊರು ಕೇಳಿದ್ದು ಒಂದೇ ಪ್ರಶ್ನೆ. ಅವನು ದ್ಯಾಮವ್ವನಿಗೆ ಕೈ ಮುಗಿದಿದ್ದನೋ ಇಲ್ಲವೋ. ವಯಸ್ಸೆಷ್ಟಾಗಿತ್ತು, ಹೆಂಡತಿಯ ಗತಿ ಏನು, ಮುಂದೆ ಮನೆ ಹೇಗೆ ನಡೆಯುತ್ತದೆ, ಇದೆಲ್ಲ ಯಾರಿಗೂ ಬೇಕಿರಲಿಲ್ಲ. ಮಾತಾಡಿಸಲು ಬಂದವರು ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಮೆಲ್ಲಗೆ ಅಲ್ಲಿಗೇ ಬರುತ್ತಿದ್ದರು. ಅವರ ಮೇಲೆ ಆಗ ಬಂದ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ಸುಳ್ಳೇಕೆ, ಅದೇ ಪ್ರಶ್ನೆ ನಮ್ಮ ಮನೆಯೊಳಗೂ ಚಾಪೆ ಹಾಸಿಕೊಂಡು ಕೂತಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತಿದು. ನಮ್ಮದು ಯಲಬುರ್ಗಾ. ಹಳೆಯದಾಯಿತೆಂದು ಮಿಲಿಟರಿಯವರು ಹರಾಜು ಹಾಕಿದ ಒಂದು ಜೀಪು ಅಣ್ಣನ ಕೈಗೆ ಬಂದಿತ್ತು. ಅವನು ಓಡಿಸುತ್ತಿದ್ದ, ಅವನಿಗೆ ಬೇಸರವಾದಾಗ ನಾನು. ಯಲಬುರ್ಗಾದಿಂದ ತಳಕಲ್ ಮೇಲೆ ಕೊಪ್ಪಳಕ್ಕೆ ಜನರನ್ನು ಹೊರುತ್ತಿದ್ದೆವು. ಸುಗ್ಗಿ ಬಂತೆಂದರೆ ಅಣ್ಣ ಗಂಗಾವತಿ ಕಡೆಯ ಕಾಲುವೆ ಸೀಮೆಗೆ ಹೋಗಿ, ಅಲ್ಲೇ ವಾರಗಟ್ಟಲೆ ಉಳಿದು, ಭತ್ತದ ಚೀಲ, ಕೂಲಿಯವರು ಅಂತ ಓಡಾಡುತ್ತಿದ್ದ. ಇಟಗಿಯ ಗುಡಿ ನೋಡಲು ಬಂದ ಪರಸ್ಥಳದವರೂ ಅಪರೂಪಕ್ಕೆ ಹತ್ತುತ್ತಿದ್ದರು. ಅವರು ಗುಡಿಯ ಕಲ್ಲನ್ನು ಹೊಗಳುತ್ತಿದ್ದರು, ಅಣ್ಣ ರಸ್ತೆಯ ಕಲ್ಲನ್ನು ಬೈಯುತ್ತಿದ್ದ.

ತಳಕಲ್ ಕಡೆಯಿಂದ ನಮ್ಮೂರಿಗೆ ಬರುವಾಗ ಒಂದು ಹಳ್ಳ ಅಡ್ಡ ಬರುತ್ತದೆ. ಹಳ್ಳದ ಮೋರಿಯ ಮೇಲೆ ರಸ್ತೆ ಗೂನುಬೆನ್ನಿನಂತೆ ಉಬ್ಬಿತ್ತು. ಉಬ್ಬು ಇಳಿಯುತ್ತಲೇ ಎಡಕ್ಕೆ ಬೇವಿನ ಮರ, ಮರದ ಕೆಳಗೆ ದ್ಯಾಮವ್ವನ ಕಟ್ಟೆ. ಬಲಕ್ಕೆ ಅದೇ ಹಳ್ಳ ತಿರುಗಿಕೊಂಡು ರಸ್ತೆಯ ಮಗ್ಗುಲಲ್ಲೇ ಆಳವಾಗಿ ಹೋಗುತ್ತಿತ್ತು. ಆ ದಾರಿಯ ಡ್ರೈವರುಗಳಿಗೆಲ್ಲ ಒಂದು ಪದ್ಧತಿ ಇತ್ತು. ಉಬ್ಬಿನ ಮೇಲೆ ಒಮ್ಮೆ ಹಾರ್ನ್, ಕಟ್ಟೆ ಎದುರಾದಾಗ ನಮಸ್ಕಾರ. ಲಾರಿಯವರು, ಬಸ್ಸಿನವರು, ಟ್ರ್ಯಾಕ್ಟರಿನವರು, ಹಿಂದೂ ಮುಸಲ್ಮಾನ ಅನ್ನದೆ ಎಲ್ಲರೂ ಮಾಡುತ್ತಿದ್ದರು. ಒಂದು ಕೈ ಸ್ಟಿಯರಿಂಗ್ ಮೇಲೆ, ಇನ್ನೊಂದು ಹಣೆಗೆ. ಮದುವೆಯಾಗುವವರೆಗೆ ಅಣ್ಣನೂ ಹಾಗೇ ಮಾಡುತ್ತಿದ್ದ.

ಅತ್ತಿಗೆ ಕುಷ್ಟಗಿಯವಳು, ಮಾತಿನಲ್ಲಿ ಯಾರಿಗೂ ಸೋಲುವವಳಲ್ಲ. ಮದುವೆಯ ಹೊಸತರಲ್ಲಿ ಒಮ್ಮೆ ಅವಳು ಅಣ್ಣನ ಪಕ್ಕದ ಸೀಟಿನಲ್ಲಿ ಕೂತಿದ್ದಳು, ನಾನು ಹಿಂದೆ ಇದ್ದೆ. ಅಣ್ಣ ಒಂದು ಕೈ ಹಣೆಗೆ ಒಯ್ದದ್ದೇ ತಡ, ಶುರು ಮಾಡಿದಳು.

"ಒಂದ ಕೈಲೆ ನಮಸ್ಕಾರ ಮಾಡಾಕ ದ್ಯಾಮವ್ವ ಏನ್ ನಿಮ್ಮ ಗೆಳತೇನ್ರಿ? ಎರಡೂ ಕೈ ಮುಗೀರಿ."

"ಗಾಡಿ ಯಾರು ಹಿಡೀಬೇಕು, ನಿಮ್ಮಪ್ಪ?"

"ಆಕೀನ ಹಿಡೀತಾಳ."

ಅಣ್ಣ ಗಟ್ಟಿಯಾಗಿ ನಕ್ಕ. ಅವತ್ತಿನಿಂದ ಎರಡೂ ಕೈ. ಮೊಣಕಾಲಿನಿಂದ ಸ್ಟಿಯರಿಂಗ್ ಒತ್ತಿ ಹಿಡಿದು, ಅವಳ ಕಡೆ ಓರೆಗಣ್ಣಿನಿಂದ ನೋಡುತ್ತ, ಮದುಮಗನ ಹಾಗೆ ಕೈ ಜೋಡಿಸುತ್ತಿದ್ದ. ಜೀಪು ಗೆರೆ ಕೊರೆದಂತೆ ನೇರ ಹೋಗುತ್ತಿತ್ತು. ಅವಳು ಇಲ್ಲದ ದಿನವೂ ಹಾಗೇ ಮಾಡುತ್ತಿದ್ದ, ನಾನು ಕಂಡಿದ್ದೇನೆ. ಗಂಡ ಹೆಂಡಿರ ನಡುವಿನ ಒಂದು ಆಟ ಅದು, ನಮಗೂ ನೋಡಲು ಖುಷಿಯಾಗುತ್ತಿತ್ತು.

ಆ ವರ್ಷ ಗಂಗಾವತಿ ಕಡೆ ಗದ್ದೆಯ ದಾರಿಗಳ ಮೇಲೆಲ್ಲ ಕಾಲುವೆ ನೀರು ನಿಂತು ಕೆಸರೋ ಕೆಸರು. ಜೀಪಿನ ಹೊಟ್ಟೆ ಕೆಸರಿಗೆ ಕೂತರೆ ಎತ್ತು ಕಟ್ಟಿ ಎಳೆಸಬೇಕು, ನೋಡಿದವರೆಲ್ಲ ನಗಬೇಕು. ಅಣ್ಣನಿಗೆ ಅದು ತಡೆಯಲಿಲ್ಲ. ಅಲ್ಲಿ ವಲಸೆ ಬಂದ ರೈತರು ನೆಲೆಸಿದ ಒಂದು ಕ್ಯಾಂಪಿನ ಕಮ್ಮಾರ, ಗಾಲಿಯ ಮೇಲೆ ಜೀಪಿನ ಭಾರ ಹೊರುವ ಬಾಗಿದ ಪಟ್ಟಿಗಳಿರುತ್ತವಲ್ಲ, ಅವುಗಳ ಜೊತೆಗೆ ಲಾರಿಯ ಹಳೇ ಪಟ್ಟಿ ಸೇರಿಸಿ ಜೀಪನ್ನು ಅಂಗೈ ಅಗಲದಷ್ಟು ಮೇಲೆತ್ತಿಕೊಟ್ಟ. ಭತ್ತದ ಲಾರಿಯವನ ಕೈಲಿ ಅಣ್ಣ ಮನೆಗೆ ಹೇಳಿ ಕಳಿಸಿದ್ದ: "ಜೀಪು ಈಗ ಒಂಟಿಹಂಗ ಎತ್ತರ ಆಗೈತಿ. ಎಂಥಾ ಕೆಸರಿದ್ರೂ ದಾಟತೈತಿ. ಸ್ವಲ್ಪ ಬಲಕ್ಕ ಎಳೀತೈತಿ, ಹೊಂದಿಕೋತೈತಿ ಬಿಡು." ಎತ್ತುವಾಗ ಹಾರ್ನಿನ ತಂತಿ ಹರಿದಿತ್ತು, ಊರಿಗೆ ಬಂದು ಕಟ್ಟಿಸಿದರಾಯಿತು ಅಂದಿದ್ದನಂತೆ.

ಸುಗ್ಗಿ ಮುಗಿಸಿ, ಎತ್ತರದ ಜೀಪಿನಲ್ಲಿ ಮೊದಲ ಸಲ ಆ ದಾರಿಯಲ್ಲಿ ಒಬ್ಬನೇ ಬಂದ. ಹಾಡುಹಗಲು, ಎದುರಿಗೆ ಯಾವ ಗಾಡಿಯೂ ಇರಲಿಲ್ಲ. ಉಬ್ಬು ಇಳಿದ ಜೀಪು ಸೀದಾ ಬಲಕ್ಕೆ ಹೋಗಿ ಹಳ್ಳಕ್ಕೆ ಬಿತ್ತು.

ಕಟ್ಟೆಯ ಹತ್ತಿರ ತೆಂಗಿನಕಾಯಿ ಮಾರುವ ಹೆಣ್ಣುಮಗಳು ಬೆನ್ನು ತಿರುಗಿಸಿ ಕೂತಿದ್ದಳು. ಅವಳು ಹೇಳಿದ್ದು ಇಷ್ಟೇ: "ಹಾರ್ನ್ ಆಗಲಿಲ್ರಿ. ಗಾಡಿ ಬಂದದ್ದು ಕೇಳಿಸ್ತು, ಆಮ್ಯಾಲ ಬಿದ್ದದ್ದು ಕೇಳಿಸ್ತು." ಉಳಿದದ್ದನ್ನು ಊರು ಕಟ್ಟಿಕೊಂಡಿತು. ಹಾರ್ನ್ ಹೊಡೆದಿಲ್ಲ ಅಂದಮೇಲೆ ಕೈ ಮುಗಿದಿಲ್ಲ, ಕೈ ಮುಗಿದಿಲ್ಲ ಅಂದಮೇಲೆ ದ್ಯಾಮವ್ವ ಬಿಡುತ್ತಾಳೆಯೇ. ತಂತಿ ಹರಿದ ಮಾತನ್ನು ನಾನು ಹೇಳಿ ಹೇಳಿ ಬಾಯಿ ನೋಯಿಸಿಕೊಂಡೆ. ಕೇಳಿಸಿಕೊಂಡವರು ತಲೆಯಾಡಿಸಿ, ಎದ್ದು ಹೋಗಿ, ಪಕ್ಕದ ಓಣಿಯಲ್ಲಿ ಮತ್ತೆ ಅದನ್ನೇ ಹೇಳುತ್ತಿದ್ದರು.

ಅಣ್ಣನನ್ನು ಮನೆಯ ಮುಂದೆ ಮಲಗಿಸಿದಾಗ ಅವ್ವ ಅಳಲಿಲ್ಲ. ಅವನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸ್ಟಿಯರಿಂಗ್ ಬಡಿದು ಎದೆ ಒಡೆದಿತ್ತು. ಕೈಗಳಿಗೆ ಮಾತ್ರ ಒಂದು ಗೀರೂ ಆಗಿರಲಿಲ್ಲ.

"ಕೈ ನೋಡಪಾ, ಹೆಂಗದಾವ," ಅಂದಳು ನನಗೆ. "ಈಗ ಎದ್ದು ಗಾಡಿ ಹೊಡೀತಾನ ಅನ್ನೂಹಂಗ ಅದಾವ."

ಆ ಕೈಗಳು ನನ್ನನ್ನು ಬಿಡಲಿಲ್ಲ. ಊಟಕ್ಕೆ ಕೂತರೆ ರೊಟ್ಟಿ ಮುರಿಯುವ ನನ್ನ ಕೈ ಅವನದರಂತೆ ಕಾಣುತ್ತಿತ್ತು.

ಅವ್ವ ಮಗನ ತಪ್ಪಿಗೆ ತಾನು ದಂಡ ತೆರಲು ನಿಂತಳು. ಪ್ರತಿ ಮಂಗಳವಾರ ಉಪವಾಸ. ಯಾರದೋ ಬಂಡಿ ಹತ್ತಿ ಹೋಗಿ ಹಳ್ಳದ ಹತ್ತಿರ ಇಳಿದು, ಬರಿಗಾಲಲ್ಲಿ ಕಟ್ಟೆಯ ಸುತ್ತ ಬಿಸಿಲಲ್ಲಿ ಉದ್ದಕ್ಕೆ ಬಿದ್ದು ಬಿದ್ದು ನಮಸ್ಕಾರ ಹಾಕುತ್ತಿದ್ದಳು. ಮೊಣಕಾಲು ಒಡೆದು ಹುಣ್ಣಾಗಿ, ಆ ಹುಣ್ಣು ಮಾಯುವ ಮುಂಚೆ ಮತ್ತೆ ಮಂಗಳವಾರ ಬರುತ್ತಿತ್ತು. ಬೇಡವೆಂದರೆ "ನನ್ನ ಮಗಾ ಸೊಕ್ಕೀಲೆ ಹೋದ, ನಾ ಏನ್ ಮಾಡ್ಲಿ" ಅನ್ನುತ್ತಿದ್ದಳು. ಇದನ್ನು ಕೇಳಿದಾಗೆಲ್ಲ ಅತ್ತಿಗೆ ಒಲೆಯ ಮುಂದಿನಿಂದಲೇ, ತಿರುಗಿ ಕೂಡ ನೋಡದೆ, ಒಂದೇ ಮಾತು ಹೇಳುವಳು: "ಅವರು ಕೈ ಮುಗೀಲಾರದ ಹೋಗೂ ಮನಷ್ಯಾ ಅಲ್ಲ." ಕಡೆಗೆ ಅವ್ವ ಅವಳ ಜೊತೆ ಮಾತು ಬಿಟ್ಟಳು. ಒಂದೇ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು, ಪಾತ್ರೆಗಳ ಸಪ್ಪಳ ಬಿಟ್ಟರೆ ಮಾತಿಲ್ಲ.

ಪೊಲೀಸರ ಕೆಲಸ ಮುಗಿದ ಮೇಲೆ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಕೊಪ್ಪಳಕ್ಕೆ ಒಯ್ದು, ಮೂತಿ ನೆಟ್ಟಗೆ ಮಾಡಿಸಿ, ಗಾಜು ಹಾಕಿಸಿ, ಹಾರ್ನ್ ಕಟ್ಟಿಸಿ ತಂದೆ. ಕೆಳಗೆ ಬಗ್ಗಿ ಯಾರೂ ನೋಡಲಿಲ್ಲ. ಮಾರಲು ಮನಸ್ಸಿರಲಿಲ್ಲ, ಓಡಿಸಲು ಜನ ಹತ್ತುತ್ತಿರಲಿಲ್ಲ. ಮನೆಯ ಮುಂದೆ ನಿಂತ ಜೀಪಿನಲ್ಲಿ ಸಂಜೆ ಹೊತ್ತು ಅತ್ತಿಗೆ ತನ್ನ ಹಳೇ ಜಾಗದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಡ್ರೈವರ್ ಸೀಟಿನ ಕಡೆಗೆ ಸ್ವಲ್ಪ ಓರೆಯಾಗಿ, ಯಾರದೋ ಮಾತು ಕೇಳಿಸಿಕೊಳ್ಳುವವಳ ಹಾಗೆ. ಆ ಸೀಟಿನಲ್ಲಿ ಅಣ್ಣ ಕೂತು ಕೂತು ಬಿದ್ದ ತಗ್ಗು ಹಾಗೇ ಇತ್ತು. ನಾನು ಗಾಡಿ ತೆಗೆಯುವಾಗ ಆ ತಗ್ಗಿನಲ್ಲೇ ಕೂರಬೇಕಿತ್ತು.

ಒಂದು ಮಂಗಳವಾರ ಬಂಡಿ ಸಿಗಲಿಲ್ಲ. ಅವ್ವ ತಾನೇ ಬಂದು ಜೀಪು ಹತ್ತಿದಳು. ತಳಕಲ್‌ವರೆಗೆ ಹೋಗಿ ಹೂವು ಕಾಯಿ ತಗೊಂಡು ವಾಪಸ್ ಹೊರಟೆವು. ದಾರಿಯುದ್ದಕ್ಕೂ ಜೀಪು ಬಲಕ್ಕೆ ಜಗ್ಗುತ್ತಿತ್ತು, ನಾನು ಜಗ್ಗಿ ಹಿಡಿದಿದ್ದೆ. ಮೋರಿ ಹತ್ತಿರವಾದಾಗ ಅವ್ವ ಸೀಟಿನ ಅಂಚಿಗೆ ಸರಿದಳು.

"ಹಾರ್ನ್ ಹೊಡಿ. ಎರಡೂ ಕೈ ಮುಗಿ. ನೀನರ ಮುಗಿಯಪಾ."

ಅವಳ ದನಿ ಕೇಳಿದರೆ ಯಾರಿಗೂ ಇಲ್ಲವೆನ್ನಲು ಆಗುತ್ತಿರಲಿಲ್ಲ. ಹಾರ್ನ್ ಹೊಡೆದೆ. ಅಣ್ಣನ ಹಾಗೇ ಮೊಣಕಾಲು ಸ್ಟಿಯರಿಂಗಿಗೆ ಒತ್ತಿ, ಎರಡೂ ಕೈ ಎತ್ತಿದೆ. ಮುಂದಿನ ಗಾಲಿಗಳು ಉಬ್ಬು ಇಳಿದು ಕುಕ್ಕಿದ್ದೇ ತಡ, ಯಾರೋ ಬಲವಾದ ಮನುಷ್ಯ ಕಸಿದುಕೊಂಡ ಹಾಗೆ ಸ್ಟಿಯರಿಂಗ್ ನನ್ನ ಮೊಣಕಾಲನ್ನು ತಳ್ಳಿ ಬಲಕ್ಕೆ ತಿರುಗಿತು. ಕಣ್ಣೆದುರು ಹಳ್ಳ. ಹೇಗೆ ಹಿಡಿದೆನೋ, ಹೇಗೆ ಬ್ರೇಕ್ ಒತ್ತಿದೆನೋ ಗೊತ್ತಿಲ್ಲ. ಗಾಲಿ ಅಂಚಿಗೆ ನಿಂತಿತು, ಕೆಳಗೆ ಮಣ್ಣು ಉದುರಿದ್ದು ಕೇಳಿಸಿತು.

"ಆಕೀನ ಎಳೀತಾಳ," ಅವ್ವ ಅಂದಳು. "ಸಿಟ್ಟು ಇನ್ನೂ ಇಳಿದಿಲ್ಲ ಆಕೀದು."

ನನಗೆ ದ್ಯಾಮವ್ವ ನೆನಪಾಗಲಿಲ್ಲ. ಎಳೆದವನು ಅಣ್ಣ ಅನ್ನಿಸಿತು. ನನ್ನ ಕೈಯ ಪಕ್ಕದಲ್ಲೇ ಅವನ ಕೈ ಇತ್ತು ಅಂತ ಆಣೆ ಮಾಡಿ ಹೇಳುತ್ತಿದ್ದೆ, ಯಾರಾದರೂ ಆಗ ಕೇಳಿದ್ದರೆ. ಭಯವಾಯಿತು, ಅದಕ್ಕಿಂತ ಹೆಚ್ಚಾಗಿ ಅವನು ಹತ್ತಿರವಿದ್ದಾನೆಂದು ಹೊಟ್ಟೆಯೊಳಗೆ ಒಂದು ನಮೂನೆ ಸಮಾಧಾನವಾಯಿತು. ಎರಡೂ ಒಟ್ಟಿಗೇ ಆಗುತ್ತವೆ ಅಂತ ಆವರೆಗೆ ನನಗೆ ಗೊತ್ತಿರಲಿಲ್ಲ.

ಆದರೆ ನಾನು ಕೈ ಮುಗಿದಿದ್ದೆ. ಹಾರ್ನೂ ಹೊಡೆದಿದ್ದೆ. ಮತ್ತೆ ನನ್ನ ಮೇಲೆ ಯಾಕೆ ಸಿಟ್ಟು? ಈ ಮುಳ್ಳು ಚುಚ್ಚುತ್ತಲೇ ಇತ್ತು. ವಾರದೊಳಗೆ ಜೀಪು ತಗೊಂಡು, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಗಂಗಾವತಿಗೆ ಹೋದೆ. ಅಲ್ಲಿ ಅಣ್ಣನಿಗೆ ಗುರುತಿದ್ದ ಒಬ್ಬ ಮಿಸ್ತ್ರಿ ಇದ್ದ, ವಯಸ್ಸಾದ ಮುಸಲ್ಮಾನ, ಬಾಯಿ ತುಂಬ ಎಲೆ ಅಡಿಕೆ, ಮೂಗಿನ ತುದಿಗೆ ಸಿಟ್ಟು. ನಡೆದದ್ದನ್ನೆಲ್ಲ ಹೇಳಿದೆ. ಅವನು ಕೆಳಗೆ ತೂರಿದ. ಅಲ್ಲಿಂದಲೇ ಬೈಗುಳ ಕೇಳಿಸಿತು.

ಹೊರಗೆ ಬಂದು ನನ್ನನ್ನೂ ಮಲಗಿಸಿ ತೋರಿಸಿದ. ಸ್ಟಿಯರಿಂಗಿನ ಪೆಟ್ಟಿಗೆಯಿಂದ ಒಂದು ಗಿಡ್ಡ ತೋಳು ಇಳಿದಿರುತ್ತದೆ. ಅದರ ತುದಿಯಿಂದ ಗಾಲಿಯ ಕಡೆಗೆ ಒಂದು ಉದ್ದನೆಯ ಸಲಾಕೆ. ಆ ಸಲಾಕೆ ನೆಲಕ್ಕೆ ಸಮನಾಗಿ ಮಲಗಿರಬೇಕು. ಜೀಪನ್ನು ಎತ್ತಿದಾಗ ಪೆಟ್ಟಿಗೆ ಮೇಲೆ ಹೋಯಿತು, ಗಾಲಿ ಅಲ್ಲೇ ಉಳಿಯಿತು, ಸಲಾಕೆ ಏಣಿಯ ಹಾಗೆ ಓರೆಯಾಗಿ ನಿಂತಿತು. ತುದಿಯ ಗುಂಡು ಕೀಲುಗಳು ಓರೆಗೆ ತಿಕ್ಕಿ ತಿಕ್ಕಿ ಸವೆದಿದ್ದವು.

"ಮನಿ ಎತ್ತರ ಮಾಡಿ ಮೆಟ್ಟಲಾ ಹಳೇವ ಬಿಟ್ರ ಹೆಂಗ್ರೀ?" ಅಂದ. "ಗಾಡಿ ಕುಕ್ಕಿದಾಗ ಈ ಸಲಾಕಿ ಸುಮ್ನಿರಂಗಿಲ್ಲ, ಗಾಲಿನ್ನ ತಾನ ತಿರುಗಸ್ತೈತಿ. ಕೂಡ್ರಬ್ಯಾಡ್ರಿ, ಕೆಳಗ ನಿಂತು ನೋಡ್ರಿ."

ಅವನೂ ಅವನ ತಮ್ಮನೂ ಮುಂದಿನ ಬಂಪರ್ ಮೇಲೆ ಹತ್ತಿ ಜೀಪನ್ನು ಕುಕ್ಕತೊಡಗಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಸೀಟು ಖಾಲಿ ಇತ್ತು, ಆ ತಗ್ಗು ಹಾಗೇ ಇತ್ತು. ಅದರ ಮುಂದೆ ಸ್ಟಿಯರಿಂಗ್ ತಾನೇ ತಿರುಗಿತು. ಜೀಪು ಕುಕ್ಕಿದಾಗ ಅತ್ತ, ಎದ್ದಾಗ ಇತ್ತ. ಅಣ್ಣ ಒಂದು ಕೈಯಲ್ಲಿ ಸುಮ್ಮನೆ ಆಡಿಸುತ್ತ ಕೂತ ಹಾಗೆ. ನಾನು ನೋಡಲಾರದೆ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟೆ. ಮಿಸ್ತ್ರಿ ಇಳಿದು ಬಂದು ನನ್ನ ಮಣಿಕಟ್ಟು ಹಿಡಿದ.

"ಅವನ ಕೈ ಮುರಿದಿದ್ವೇನ್ರಿ?"

"ಇಲ್ಲ. ಒಂದು ಗೀರೂ ಇರಲಿಲ್ಲ."

"ಬೀಳೂ ಹೊತ್ತಿನ್ಯಾಗ ಹಿಡಿದಿದ್ರ ಮಣಿಕಟ್ಟು ಉಳೀತಿದ್ದಿಲ್ಲ. ಅವನ ಕೈ ಸ್ಟಿಯರಿಂಗ್ ಮ್ಯಾಲ ಇದ್ದಿಲ್ಲ, ಖರೇವ ಹೇಳ್ತೀನಿ. ಮೊಣಕಾಲಿಗೆ ಇದು ಬಗ್ಗಂಗಿಲ್ಲ."

ಕೈ ಸ್ಟಿಯರಿಂಗ್ ಮೇಲೆ ಇರಲಿಲ್ಲ. ದ್ಯಾಮವ್ವನ ಎದುರು ನಮ್ಮ ಅಣ್ಣನ ಕೈ ಸ್ಟಿಯರಿಂಗ್ ಮೇಲೆ ಇಲ್ಲವೆಂದರೆ ಮತ್ತೆಲ್ಲಿ ಇರುತ್ತದೆ? ಊರೆಲ್ಲ ಸೇರಿ ಇಲ್ಲವೆಂದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಎದೆಯ ಮುಂದೆ ಜೋಡಿಸಿದ ಎರಡು ಕೈಗಳು.

ಪಟ್ಟಿಗಳನ್ನು ಇಳಿಸಿಬಿಡಲೇ ಅಂತ ಮಿಸ್ತ್ರಿ ಕೇಳಿದ. ಅಣ್ಣ ಆಸೆಪಟ್ಟು ಎತ್ತರ ಮಾಡಿಸಿದ್ದು, ಇರಲಿ ಅಂದೆ. ಹಾಗಿದ್ದರೆ ತೋಳು ಬದಲಿಸಬೇಕು ಅಂದ. ಗಿಡ್ಡ ತೋಳು ತೆಗೆದು, ಕೆಳಗೆ ಬಾಗಿ ಇಳಿಯುವ ಉದ್ದನೆಯದನ್ನು ಹುಬ್ಬಳ್ಳಿಯಿಂದ ತರಿಸಿದ. ಹೊಸ ಗುಂಡು ಕೀಲು ಹಾಕಿದ. ಹಳೆಯ ತೋಳು ಬಿಡಿಸಿಕೊಳ್ಳಲು ಒಪ್ಪಲೇ ಇಲ್ಲ. ಸುತ್ತಿಗೆಯಿಂದ ಬಡಿದರು, ಕಾಸಿದರು, ಎಣ್ಣೆ ಬಿಟ್ಟರು. ನಾನು ಪ್ರತಿ ಏಟಿಗೂ ಬೆಚ್ಚುತ್ತಿದ್ದೆ. ಕಡೆಗೆ ಅದು ಕಳಚಿ ನೆಲಕ್ಕೆ ಬಿತ್ತು.

ಎಲ್ಲ ಮುಗಿದು ಮತ್ತೆ ಬಂಪರ್ ಹತ್ತಿ ಕುಕ್ಕಿದರು. ಸ್ಟಿಯರಿಂಗ್ ಅಲುಗಲಿಲ್ಲ. ಮಿಸ್ತ್ರಿ "ಛಲೋ ಆತು" ಅಂತ ಕೈ ಒರೆಸಿಕೊಂಡ. ನಾನು ಇನ್ನೊಮ್ಮೆ ಕುಕ್ಕಿ ಅಂದೆ. ಮತ್ತೂ ಒಮ್ಮೆ. ಖಾಲಿ ಸೀಟಿನ ಮುಂದೆ ಅದು ಕಬ್ಬಿಣದ ಬಳೆಯಾಗಿ ಸುಮ್ಮನೆ ನಿಂತಿತ್ತು. ರಿಪೇರಿ ಮಾಡಿಸಲು ಹೋದವನು ನಾನೇ, ಆದರೂ ಅಣ್ಣ ಎರಡನೆಯ ಸಲ ಹೋದ ಅನ್ನಿಸಿತು.

ಹಳೆಯ ತೋಳನ್ನು ಗೋಣಿಯಲ್ಲಿ ಸುತ್ತಿಕೊಂಡು ಮನೆಗೆ ಬಂದೆ. ಅವ್ವನ ಮುಂದೆ ಇಟ್ಟು, ಮಿಸ್ತ್ರಿ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಅವ್ವನಿಗೆ ಸಲಾಕೆ, ತೋಳು ತಿಳಿಯಲಿಲ್ಲ. ಕೈಯ ಮಾತು ತಿಳಿಯಿತು. ಮಗನ ಅಂಗೈಗಳನ್ನು ತಿರುಗಿಸಿ ನೋಡಿದವಳು ಅವಳೇ ತಾನೆ. ಕೂತಲ್ಲಿಂದ ಎದ್ದು, ಹುಣ್ಣಿನ ಕಾಲು ಎಳೆಯುತ್ತ ಹೊರಗೆ ಹೋಗಿ, ಓಣಿಯ ನಡುವೆ ನಿಂತು ಕೂಗಿದಳು:

"ಕೇಳ್ರ್ಯೋ! ನನ್ನ ಮಗಾ ಕೈ ಮುಗದಾನ! ಎರಡೂ ಕೈ ಎತ್ತಿ ಮುಗದಾನ!"

ಬಾಗಿಲಿಗೆ ಬಂದವರ ಮುಖಗಳನ್ನು ನೋಡಿ ನನಗೂ ಹೊಟ್ಟೆ ತಣ್ಣಗಾಯಿತು. ಅವ್ವ ಒಳಗೆ ಬಂದು, ಎಷ್ಟೋ ತಿಂಗಳ ಮೇಲೆ, ಅತ್ತಿಗೆಯ ಜೊತೆ ಮಾತಾಡಿದಳು. "ನೀನ ಖರೇ ಹೇಳಿದ್ದಿ ನನ್ನವ್ವಾ. ನಾ ಹೆತ್ತಾಕಿ, ನನಗ ತಿಳೀಲಿಲ್ಲ."

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮೊದಲು ಅವಳ ಮುಖವೂ ಅರಳಿತು, ನೋಡಿದೆ. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು.

"ಒಂದ ಕೈ ಸ್ಟಿಯರಿಂಗ್ ಮ್ಯಾಲ ಇದ್ರ ಏನಾಕ್ಕಿತ್ತು?"

ಗಂಗಾವತಿಯಿಂದ ದಾರಿಯುದ್ದಕ್ಕೂ ಬಲಕ್ಕೆ ಎಳೆಯುವ ಜೀಪನ್ನು ಅಣ್ಣ ಕೈಯಲ್ಲಿ ಹಿಡಿದೇ ಓಡಿಸಿದ್ದ ಅಂತ ಅವಳಿಗೂ ಗೊತ್ತಿತ್ತು. ಅವಳು ಬಗ್ಗಿ ಗೋಣಿಯ ಸಮೇತ ಆ ಕಬ್ಬಿಣದ ತೋಳನ್ನು ಎತ್ತಿಕೊಂಡು ಒಳಗೆ ಹೋದಳು. ತನ್ನ ಮಂಚದ ಕೆಳಗೆ ಇಟ್ಟುಕೊಂಡಳು. ಕಸ ಗುಡಿಸುವಾಗ ಅದನ್ನು ಸರಿಸಿ, ಗುಡಿಸಿ, ಮತ್ತೆ ಅಲ್ಲೇ ಇಡುತ್ತಿದ್ದಳು.

ಆಮೇಲೆ ಅವಳು ಯಾವ ದೇವರಿಗೂ ಕೈ ಜೋಡಿಸಿದ್ದನ್ನು ನಾನು ನೋಡಲಿಲ್ಲ. ಮನೆಯ ದೇವರ ಜಗಲಿಗೆ ದೀಪ ಹಚ್ಚುತ್ತಿದ್ದಳು, ಹೂ ಏರಿಸುತ್ತಿದ್ದಳು, ಕೈ ಮಾತ್ರ ಸೆರಗಿನಲ್ಲಿ ಒರೆಸಿಕೊಂಡು ಎದ್ದುಬಿಡುತ್ತಿದ್ದಳು. ನನಗೆ ಸಂಕಟವಾಗುತ್ತಿತ್ತು. ಅದು ನಿನ್ನ ತಪ್ಪಲ್ಲ ಅಂತ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ತಪ್ಪು ಅಂದವರು ಯಾರು ಅಂತ ತಿರುಗಿ ಕೇಳಿದರೆ ಏನು ಹೇಳುವುದು?

ಎಂಬತ್ತರ ದಶಕದ ನಡುವಿನಲ್ಲಿ, ಜೀಪು ಮಾರಿ ಆಗಿತ್ತು. ಅವ್ವನಿಗೆ ಕನ್ನಡಕ ತರಲು ನಾನೂ ಅತ್ತಿಗೆಯೂ ಕೊಪ್ಪಳಕ್ಕೆ ಹೋಗಿ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆವು. ಡ್ರೈವರನ ಹಿಂದಿನ ಸೀಟು ಸಿಕ್ಕಿತ್ತು. ಡ್ರೈವರು ಹುಡುಗು ಪ್ರಾಯದವನು, ಅಣ್ಣನ ವಯಸ್ಸಿರಬೇಕು. ಮೋರಿ ಬಂತು. ಅವನು ಹಾರ್ನ್ ಹೊಡೆದ. ಬಸ್ಸಿನಲ್ಲಿದ್ದವರ ಕೈಗಳೆಲ್ಲ ಎದ್ದವು. ಅವನು ಒಂದು ಕೈ ತೆಗೆದ, ಆಮೇಲೆ ಇನ್ನೊಂದನ್ನೂ ತೆಗೆಯುವವನಿದ್ದ. ಅತ್ತಿಗೆ ಎದ್ದು ನಿಂತು ಬಸ್ಸೆಲ್ಲ ಬೆಚ್ಚುವಂತೆ ಕೂಗಿದಳು.

"ಕೈ ಬಿಡಬ್ಯಾಡೋ ತಮ್ಮಾ!"

ಅವನು ಗಾಬರಿಯಾಗಿ ಎರಡೂ ಕೈಯಲ್ಲಿ ಹಿಡಿದ. ನಂತರ ಸಿಟ್ಟು ಬಂತು. "ಯಾಕವ್ವಾ, ದೇವರಿಗೆ ಕೈ ಮುಗೀಬಾರದೇನು?"

"ನಿನ್ನ ಪಾಲಿಂದು ನಾ ಮುಗೀತೀನಿ. ನೀ ಗಾಡಿ ಹಿಡಕೋ."

ಹಾಗೆ ಹೇಳಿ, ಕುಲುಕುವ ಬಸ್ಸಿನಲ್ಲಿ ಯಾವುದನ್ನೂ ಹಿಡಿಯದೆ ನಿಂತು, ಬೇವಿನ ಮರದ ಕಡೆಗೆ ಎರಡೂ ಕೈ ಜೋಡಿಸಿದಳು. ಬೀಳದಿರಲೆಂದು ನಾನು ಅವಳ ತೋಳು ಹಿಡಿದುಕೊಂಡೆ. ಡ್ರೈವರು ಗೊಣಗುತ್ತ ಮುಂದೆ ನೋಡಿದ, ಬಸ್ಸು ಉಬ್ಬು ಇಳಿದು ನೇರ ಹೋಯಿತು.